ಫುಟ್‌ಬಾಲ್ ತಂಡಕ್ಕೆ ಸೇವಂತಿಗೆ ಹಾರ

ತೊಂಬತ್ತರ ದಶಕದ ಮೊದಲಲ್ಲಿ ನಾನು ಲಂಡನ್ನಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದೆ. ಹಳೆಯ ವಿದ್ಯಾರ್ಥಿಗಳ ಸಮಾರಂಭಕ್ಕೆಂದು ಕಾಲೇಜಿನ ಫುಟ್‌ಬಾಲ್ ತಂಡದ ಫೋಟೋ ಒರೆಸಿಟ್ಟೆ. ಮೊದಲ ಮಹಾಯುದ್ಧಕ್ಕೂ ಹಿಂದಿನದು. ಇವರಲ್ಲಿ ಈಗ ಯಾರಿರ್ತಾರೆ ಅಂದುಕೊಂಡು, ಇಲ್ಫರ್ಡ್‌ನ ನನ್ನ ಮನೆಯಲ್ಲಿ ಕಟ್ಟಿದ ಸೇವಂತಿಗೆ ಹಾರವನ್ನೂ ಹಾಕಿಬಿಟ್ಟೆ.

ವೀಲ್‌ಚೇರಿನಲ್ಲಿ ಬಂದ ಮುದುಕರೊಬ್ಬರು ಫೋಟೋ ನೋಡಿ, “ಹೂವು ಸ್ವಲ್ಪ ಸರಿಸ್ತೀರಾ? ನನ್ನ ಮುಖ ಕಾಣ್ತಿಲ್ಲ” ಅಂದರು.

ಬದುಕಿರೋ ಮನುಷ್ಯನ ಫೋಟೋಗೆ ಹಾರ!

“ಈ ಹಾರ ಯಾಕೆ?”

“ನಮ್ಮಲ್ಲಿ ಗೆದ್ದವರಿಗೆ ಹಾಕ್ತೀವಿ ಸರ್.” ಬಾಯಿಗೆ ಬಂದ ಸುಳ್ಳು ಹೇಳಿದೆ.

“ಗೆದ್ದವರಾ? ಆ ಸೀಸನ್ ಪೂರ್ತಿ ನಾವು ಸೋತಿದ್ದೇ ಸೋತಿದ್ದು!” ಮುದುಕರು ಕೆಮ್ಮು ಬರುವಷ್ಟು ನಕ್ಕರು. “ಇರಲಿ, ತೆಗೆದು ನನ್ನ ಕೊರಳಿಗೇ ಹಾಕಿ.”

ಹಾಕಿದೆ. ಫೋಟೋದಿಂದ ತೆಗೆದ ಹಾರವನ್ನು ಜೀವಂತ ಮನುಷ್ಯನಿಗೆ ಹಾಕಿದ್ದನ್ನು ಊರಲ್ಲಿರುವ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.