ಹೆಲ್ವಿ ನಿಸ್ಕಾಳ ಬೆಣ್ಣೆಚಾಕುಗಳು

ಹೆಲ್ವಿ ನಿಸ್ಕಾಳ ಅಡುಗೆಮನೆಯ ಕಿಟಕಿಯಲ್ಲಿ ಒಂದು ಗಾಜಿನ ಭರಣಿ ಇತ್ತು. ಅದರಲ್ಲಿ ಹದಿನಾಲ್ಕು ಮರದ ಬೆಣ್ಣೆಚಾಕುಗಳು. ಒಂದನ್ನೂ ಅವಳು ದುಡ್ಡು ಕೊಟ್ಟು ತಂದದ್ದಲ್ಲ. ಗ್ರಾನ್‌ಸೆಲೆಯ ಜನ ಒಂದೇ ವಸಂತದಲ್ಲಿ ಒಬ್ಬೊಬ್ಬರಾಗಿ ಬಂದು ಅವಳ ಅಂಚೆಡಬ್ಬಿಗೆ ಹಾಕಿ ಹೋದದ್ದು. ಸಾಣೆ ಹಿಡಿಯುವ ಹೆಂಗಸಿಗೆ ಹರಿತವೇ ಇಲ್ಲದ ಬೆಣ್ಣೆಚಾಕು! ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಮೊದಲನೆಯದು ಬಂದ ದಿನ ಗಂಡ ಸ್ತೂರೆ ಅದನ್ನು ಒಲೆಗೆ ಹಾಕಹೋದ. ಹೆಲ್ವಿ ಅವನ ಕೈ ಹಿಡಿದಳು.

"ಇಡು. ಬಂದಿದ್ದೆಲ್ಲಾ ಇಡು. ಯಾರು ಹಾಕಿದ್ರು ಅಂತ ಗೊತ್ತಾಗದಿದ್ರೂ ಎಷ್ಟು ಜನ ಹಾಕಿದ್ರು ಅಂತಾದ್ರೂ ನೆನಪಿರ್ಲಿ."

ಇಪ್ಪತ್ತೆರಡು ವರ್ಷ ಗ್ರಾನ್‌ಸೆಲೆಯ ಐಸ್ ಹಾಕಿ ತಂಡದ ಸ್ಕೇಟುಗಳಿಗೆ ಸಾಣೆ ಹಿಡಿದವಳು ಅವಳು. ಆ ಕೆಲಸ ಹೊರಗಿನವರಿಗೆ ಕಾಣುವಷ್ಟು ಸಸಾರದ್ದಲ್ಲ. ಸ್ಕೇಟಿನ ಬ್ಲೇಡಿನ ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆ, ಅದರ ಆಚೀಚೆ ಎರಡು ಅಂಚು. ಅಂಚುಗಳೆರಡೂ ಸಮನಾಗಿರಬೇಕು. ಕಾಲುವೆ ಎಷ್ಟು ಆಳ ಎಂಬುದು ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಥರ, ಅದನ್ನು ಅವನವನ ಹೆಸರಿನ ಚೀಟಿಯಲ್ಲಿ ಬರೆದಿಟ್ಟಿರುತ್ತಾರೆ. ಸಾಣೆ ಸರಿಯಾಗಿದೆಯೇ ಎಂದು ನೋಡಲು ಹೆಬ್ಬೆರಳ ಉಗುರನ್ನು ಅಂಚಿಗೆ ಎಳೆಯಬೇಕು. ಉಗುರಿನ ಪುಡಿ ಬಿಳಿಯಾಗಿ ಎದ್ದರೆ ಸರಿ. ಹೆಲ್ವಿಯ ಹೆಬ್ಬೆರಳ ಉಗುರು ಈ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನೆಟ್ಟಗೆ ಬೆಳೆದದ್ದಿಲ್ಲ.

ಇಂಥವಳ ಹೆಸರು ಕೆಟ್ಟದ್ದು ಹೇಗೆ? ಒಂದೇ ಒಂದು ಮಾತಿನಿಂದ. ಸೆಮಿಫೈನಲ್‌ನ ಏಳನೆಯ ಪಂದ್ಯ, ಸ್ವಂತ ಅಂಕಣ, ಸಮಬಲವಾಗಿ ಹೆಚ್ಚುವರಿ ಆಟಕ್ಕೆ ಹೋಗಿತ್ತು, ಅಲ್ಲಿ ಮೊದಲ ಗೋಲು ಹೊಡೆದವರೇ ಗೆದ್ದಂತೆ. ನಾಯಕ ಕಾಸ್ಪೆರ್ ರೂಸ್ ಪಕ್ಕನ್ನು, ಎಂದರೆ ಆಟದ ರಬ್ಬರ್ ಬಿಲ್ಲೆಯನ್ನು, ಹಿಡಿದು ಎಡಕ್ಕೆ ತಿರುಗಿದ, ಕಾಲು ಜಾರಿತು, ಅಂಗಾತ ಬಿದ್ದ. ಎದುರಿನವರು ಆ ಪಕ್ಕನ್ನೇ ಎತ್ತಿಕೊಂಡು ಹೋಗಿ ಗೋಲು ಹೊಡೆದರು. ಮೂವತ್ತು ವರ್ಷದ ಆಳು, ಬೆವರು ಒರೆಸಿಕೊಂಡು ನೇರ ಟಿವಿಯವರ ಮುಂದೆ ನಿಂತು ಹೇಳಿದ: "ಬ್ಲೇಡ್ ಸತ್ತೋಗಿತ್ತು. ಕಾಲಿಗೆ ಬೆಣ್ಣೆಚಾಕು ಕಟ್ಕೊಂಡು ಆಡಿದ ಹಾಗಿತ್ತು."

ನಡೆದದ್ದೇ ಬೇರೆ. ಹೆಚ್ಚುವರಿ ಆಟಕ್ಕೆ ಮುಂಚಿನ ಬಿಡುವಿನಲ್ಲಿ ಅವನಿಗೆ ಫೋನು ಬಂತು. ವಿದೇಶದ ತಂಡವೊಂದಕ್ಕೆ ಅವನನ್ನು ಮಾರಲು ಓಡಾಡುತ್ತಿದ್ದ ದಲ್ಲಾಳಿಯದು. ಬೇರೆಯವರಿಗೆ ಕೇಳಿಸಬಾರದೆಂದು ಕಾಸ್ಪೆರ್ ಸ್ಕೇಟು ತೊಟ್ಟೇ ರಬ್ಬರ್ ಹಾಸು ಮುಗಿಯುವ ತನಕ ನಡೆದ, ಅದರಾಚೆಗೂ ನಡೆದ, ಬರೀ ಸಿಮೆಂಟಿನ ಮೇಲೆ ಶತಪಥ ತಿರುಗಿದ. ಸಿಮೆಂಟಿನ ಮೇಲೆ ಮೂರು ಹೆಜ್ಜೆ ಇಟ್ಟರೆ ಅಂಚು ಸತ್ತಂತೆಯೇ. ಹೆಲ್ವಿ ತನ್ನ ಬಾಗಿಲಿನಿಂದ ಕಣ್ಣಾರೆ ಕಂಡಳು. "ಕಾಸ್ಪೆರ್, ಎರಡು ನಿಮಿಷ ಕೊಡು, ಹಿಡಿದುಕೊಡ್ತೀನಿ" ಎಂದು ಕೂಗಿದಳು. ಅವನು ನೊಣ ಓಡಿಸುವಂತೆ ಕೈ ಬೀಸಿದ.

ಮತ್ತೇಕೆ ಬಾಯಿ ಬಿಡಲಿಲ್ಲ ಎನ್ನುತ್ತೀರಾ? ಡ್ರೆಸಿಂಗ್ ರೂಮಿನಲ್ಲಿ ಕಂಡದ್ದು ಡ್ರೆಸಿಂಗ್ ರೂಮಿನಲ್ಲೇ ಉಳಿಯಬೇಕು. ಆ ಕಟ್ಟಳೆಯನ್ನು ಮುರಿದವರನ್ನು ಅಲ್ಲಿ ಯಾರೂ ಮತ್ತೆ ಹತ್ತಿರ ಸೇರಿಸುವುದಿಲ್ಲ. ಅವಳು ಮುರಿಯಲಿಲ್ಲ. ಮುರಿದವನು ಅವನು, ತಪ್ಪು ಬಿದ್ದದ್ದು ಅವಳ ತಲೆಗೆ. ಕ್ಲಬ್ಬಿನವರು ಒಂದು ಹೂಗುಚ್ಛ, ತಂಡದ ಬಣ್ಣದ ಒಂದು ಹಸಿರು ಕೇಕು ಕೈಗಿತ್ತು, ನಾಲ್ಕು ಒಳ್ಳೆಯ ಮಾತಾಡಿ ಮನೆಗೆ ಕಳಿಸಿ ಕೈ ತೊಳೆದುಕೊಂಡರು. ಕೇಕನ್ನು ಅವಳು ಹಿತ್ತಲಿನ ಹಕ್ಕಿಗಳಿಗೆ ಹಾಕಿದಳು.

ಒಂದು ಗುಟ್ಟು ಮಾತ್ರ ಅವಳೊಂದಿಗೇ ಬಂತು. ಕಾಸ್ಪೆರ್ ಹತ್ತೊಂಬತ್ತರ ವಯಸ್ಸಿನಲ್ಲಿ ಎಡಗಾಲಿನ ಹರಡು ಮುರಿದುಕೊಂಡಿದ್ದ. ಮೂಳೆ ಕೂಡಿತು, ಕೊಂಚ ಸೊಟ್ಟಗೆ. ಪಾದ ಒಳಕ್ಕೆ ವಾಲುತ್ತಿತ್ತು. ಬೂಟು ಸವೆದ ರೀತಿ ನೋಡಿಯೇ ಹೆಲ್ವಿಗೆ ಅದು ಹೊಳೆಯಿತು. ಅಂದಿನಿಂದ ಹನ್ನೊಂದು ವರ್ಷ ಅವನ ಎಡ ಬ್ಲೇಡಿನ ಒಳ ಅಂಚನ್ನು ಕೂದಲೆಳೆಯಷ್ಟು ಎತ್ತರ ಬಿಡುತ್ತಿದ್ದಳು. ಚೀಟಿಯಲ್ಲಿ ಬರೆಯಲಿಲ್ಲ. ಅಂಚು ಏರುಪೇರು ಇರುವುದೆಂದರೆ ಸಾಣೆಯವರಿಗೆ ಅವಮಾನ, ಕಾಲು ಸೊಟ್ಟ ಎಂದರೆ ಹುಡುಗನಿಗೆ ಅವಮಾನ. ಇಬ್ಬರ ಮಾನವನ್ನೂ ಕಾಯ್ದುಕೊಂಡು ಬಂದಿದ್ದಳು. ಈ ಗುಟ್ಟು ಗೊತ್ತಿದ್ದ ಇನ್ನೊಬ್ಬನೆಂದರೆ ಸ್ತೂರೆ.

ಆ ಬೇಸಿಗೆಯಲ್ಲೇ ನಲವತ್ತು ಕಿಲೋಮೀಟರ್ ಆಚೆಯ ಹೆಡ್‌ವಿಕ್ ತಂಡ ಮೇಲಿನ ಲೀಗಿಗೆ ಬಂತು, ಅವರಿಗೊಬ್ಬರು ಸಾಣೆಯವರು ಬೇಕಾಗಿತ್ತು. ಹೆಲ್ವಿ ಹೆಡ್‌ವಿಕ್‌ನ ಕೆಂಪು ಜಾಕೀಟು ತೊಟ್ಟು ಮನೆಗೆ ಬಂದಾಗ ಸ್ತೂರೆ ಗರ ಬಡಿದವನಂತೆ ನೋಡಿದ. ಅವನು ಐವತ್ತು ವರ್ಷದಿಂದ ಗ್ರಾನ್‌ಸೆಲೆಯ ಹಸಿರು ಶಾಲು ಹೊದ್ದವನು, ಮರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಅಂಕಣದ ಕಟ್ಟಡಕ್ಕೆ ಪುಕ್ಕಟೆ ಹಲಗೆ ಹೊಡೆದವರಲ್ಲಿ ಒಬ್ಬ.

"ಈ ಬಣ್ಣ ಮನೆ ಒಳಗೂ ಬರ್ಬೇಕಾ, ಮುದುಕಿ?"

"ನಿನ್ನ ಹಸಿರು ಬಂದ ಬಾಗಿಲಲ್ಲೇ ಇದೂ ಬರುತ್ತೆ, ಮುದುಕಪ್ಪ. ಪಾಲ್ಟ್ ಕಡುಬು ಬೇಯಿಸಿದ್ದೀಯೋ, ಇಲ್ಲಾ ನನ್ನ ಬಣ್ಣ ನೋಡ್ತಾನೇ ಕೂತಿದ್ಯೋ?"

ಸೆಪ್ಟೆಂಬರಿನಲ್ಲಿ ಲೀಗು ಶುರುವಾಯಿತು. ಹೆಲ್ವಿ ಪ್ರತಿ ಪಂದ್ಯದ ಮರುದಿನ ಬೆಳಿಗ್ಗೆ ಕಾಫಿ ಹಿಡಿದು ಟೆಕ್ಸ್ಟ್ ಟಿವಿಯಲ್ಲಿ ಅಂಕಪಟ್ಟಿ ತೆಗೆಯುತ್ತಿದ್ದಳು. ಮೊದಲು ನೋಡುತ್ತಿದ್ದದ್ದು ತನ್ನ ಹೊಸ ತಂಡವನ್ನಲ್ಲ, ಗ್ರಾನ್‌ಸೆಲೆಯನ್ನು. ಅಕ್ಟೋಬರಿನಲ್ಲಿ ಐದನೆಯ ಸ್ಥಾನ. ಕ್ರಿಸ್ಮಸ್ಸಿಗೆ ಒಂಬತ್ತು. ಗ್ರಾನ್‌ಸೆಲೆಗೆ ಬಂದ ಹೊಸ ಸಾಣೆಯವನು ಒಳ್ಳೆಯ ಕೆಲಸಗಾರ, ಚೀಟಿಯಲ್ಲಿದ್ದಂತೆ ಎರಡೂ ಅಂಚನ್ನು ತಕ್ಕಡಿ ಹಿಡಿದ ಹಾಗೆ ಸಮ ಮಾಡುತ್ತಿದ್ದ. ಕಾಸ್ಪೆರನನ್ನು ತಿನ್ನುತ್ತಿದ್ದದ್ದೇ ಅದು. ಎಡಕ್ಕೆ ತಿರುಗುವುದೆಂದರೆ ಹಿಂಜರಿಕೆ, ಬಲಕ್ಕೇ ಹೊರಳಿಕೊಳ್ಳುವ ಚಾಳಿ. ಎದುರಿನವರಿಗೂ ಗೊತ್ತಾಗಿಹೋಯಿತು. ಮೂರು ಜೊತೆ ಸ್ಕೇಟು ಬದಲಿಸಿದ, ಇಬ್ಬರು ವೈದ್ಯರಿಗೆ ತೋರಿಸಿದ, ಕೋಲು ಮುರಿದು ಬಿಸಾಡಿದ. ನಾಯಕನೇ ಹೀಗಾದ ಮೇಲೆ ತಂಡದ ಗತಿ ಏನು? ಮಾರ್ಚಿನಲ್ಲಿ ಗ್ರಾನ್‌ಸೆಲೆ ಹದಿನಾಲ್ಕನೆಯ ಸ್ಥಾನಕ್ಕೆ, ಎಂದರೆ ತಳಕ್ಕೆ ಇಳಿಯಿತು. ಹೆಲ್ವಿಗೆ ಹಾಲು ಕುಡಿದಷ್ಟು ಖುಷಿ. ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗಲಿಲ್ಲ.

"ನಗ್ತಿದ್ದೀಯಾ?" ಸ್ತೂರೆ ಕೇಳಿದ.

"ನಗ್ತಿದ್ದೀನಿ."

"ಅದು ನಮ್ಮೂರು ಕಣೆ."

"ನಮ್ಮೂರೇ. ಹದಿನಾಲ್ಕನೇ ಸ್ಥಾನ, ಹದಿನಾಲ್ಕು ಚಾಕು. ಸರಿಹೋಯ್ತಲ್ಲ."

ಹದಿಮೂರನೆಯ ಸ್ಥಾನದಲ್ಲಿ ನಿಂತದ್ದು ಹೆಡ್‌ವಿಕ್. ತಳದ ಇಬ್ಬರು ತಮ್ಮತಮ್ಮಲ್ಲೇ ಏಳು ಪಂದ್ಯ ಆಡಬೇಕು, ಸೋತವರು ಲೀಗಿನಿಂದ ಕೆಳಕ್ಕೆ. ಆರು ಪಂದ್ಯ ಮುಗಿದಾಗ ಮೂರು ಮೂರು. ಏಳನೆಯದು ಏಪ್ರಿಲಿನ ಒಂದು ಶನಿವಾರ ಮಧ್ಯಾಹ್ನ, ಹೆಡ್‌ವಿಕ್‌ನಲ್ಲಿ. ಗಂಡಹೆಂಡತಿ ಒಂದೇ ಕಾರಿನಲ್ಲಿ ಹೋದರು, ಒಬ್ಬರ ಕೊರಳಲ್ಲಿ ಹಸಿರು, ಇನ್ನೊಬ್ಬರ ಮೈಮೇಲೆ ಕೆಂಪು.

ಪಂದ್ಯಕ್ಕೆ ಎರಡು ಗಂಟೆ ಇರುವಾಗ ಗ್ರಾನ್‌ಸೆಲೆಯ ಸಾಣೆಯವನು ಬೆಪ್ಪಾಗಿ ಹೆಲ್ವಿಯ ಬಾಗಿಲಿಗೆ ಬಂದು ನಿಂತ. ಅವರ ಬಸ್ಸು ಹಿಮ ಕರಗಿ ಎದ್ದ ಗುಂಡಿಗೆ ಇಳಿದು ಸಾಣೆಯಂತ್ರ ಉರುಳಿಬಿದ್ದಿತ್ತು, ಕಲ್ಲು ಎರಡು ಹೋಳು. ಇಂಥ ಹೊತ್ತಿನಲ್ಲಿ ಆತಿಥೇಯರ ಸಾಣೆಯವರು ಬಂದವರ ಸ್ಕೇಟುಗಳನ್ನೂ ಹಿಡಿದುಕೊಡಬೇಕು. ಇಲ್ಲವೆನ್ನುವ ಪದ್ಧತಿ ಆ ಲೀಗಿನಲ್ಲೇ ಇಲ್ಲ. ಹೆಲ್ವಿ ಚೀಟಿಗಳ ಕಟ್ಟು ಇಸಿದುಕೊಂಡು ಒಂದೊಂದೇ ಜೊತೆ ಮುಗಿಸಿದಳು, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ. ಒಂದರಲ್ಲೂ ಹೆಚ್ಚುಕಮ್ಮಿ ಮಾಡಲಿಲ್ಲ.

ಕೊನೆಯ ಜೊತೆಯನ್ನು ಕಾಸ್ಪೆರ್ ತಾನೇ ತಂದ. ಬಾಗಿಲು ಮುಚ್ಚಿದ.

"ಹೆಲ್ವಿ."

"ಇಡು ಅಲ್ಲಿ."

"ಮೊದಲು ಮಾಡ್ತಿದ್ದ ಹಾಗೆ ಮಾಡು."

"ಮೊದಲು ಹೇಗೆ ಮಾಡ್ತಿದ್ದೆ?"

"ನಂಗೊತ್ತಿಲ್ಲ. ಏನೋ ಮಾಡ್ತಿದ್ದೆ. ವರ್ಷ ಪೂರ್ತಿ ಎಡಗಾಲು ನಂದಲ್ಲ ಅನ್ನಿಸ್ತಿದೆ. ನಿಂಗೊತ್ತು, ಹೇಳು."

"ಬೆಣ್ಣೆಚಾಕಿನ ವಿಚಾರ ನಂಗೇನು ಗೊತ್ತಿರುತ್ತೆ?"

ಅವನ ಕಿವಿ ಕೆಂಪಾಯಿತು. ಹೆಲ್ವಿ ಯಂತ್ರ ನಿಲ್ಲಿಸಿ ಎದ್ದು ನಿಂತಳು. ಒಂದು ವರ್ಷ ಹಲ್ಲು ಕಚ್ಚಿ ಹಿಡಿದಿದ್ದ ಮಾತು, ದನಿ ಏರಿಸದೆಯೇ ಹೇಳಿದಳು.

"ಹೊರಗೆ ಟಿವಿಯವ್ರು ನಿಂತಿದ್ದಾರೆ. ಹೋಗಿ ಹೇಳು, ಅವತ್ತು ಸಿಮೆಂಟಿನ ಮೇಲೆ ನಡೆದೋನು ನೀನು ಅಂತ. ಹೇಳಿ ವಾಪಸ್ ಬಾ. ಮೊದಲಿನ ಹಾಗೇ ಮಾಡಿಕೊಡ್ತೀನಿ, ಎಡಕ್ಕೆ ಗಿರಗಿರ ತಿರುಗ್ತೀಯ."

"ಇವತ್ತೇನಾ? ಇಂಥ ದಿನಾನಾ? ಪಂದ್ಯ ಮುಗೀಲಿ, ಆಮೇಲೆ ಹೇಳ್ತೀನಿ, ಆಣೆ."

"ಆಮೇಲೆ ಅನ್ನೋದು ನನ್ನಂಗಡೀಲಿ ಇಲ್ಲ. ಚೀಟೀಲಿ ಇರೋದು ಇದೆ. ಯಾವುದು ಬೇಕು?"

ಅವನು ಬಾಗಿಲಿನತ್ತ ನೋಡಿದ. ಬಾಗಿಲಿನಾಚೆ ಹತ್ತು ಹೆಜ್ಜೆಯಲ್ಲಿ ಕ್ಯಾಮರಾ ಇತ್ತು. ಹತ್ತೇ ಹೆಜ್ಜೆ! ಆ ಪುಣ್ಯಾತ್ಮನ ಜಂಬ ಅಷ್ಟು ದೂರವೂ ನಡೆಯಲಿಲ್ಲ. "ಚೀಟೀಲಿರೋ ಹಾಗೇ ಮಾಡು" ಎಂದ.

"ಸಹಿ ಹಾಕು."

ಹಾಕಿದ. ಅವಳು ಎರಡೂ ಬ್ಲೇಡು ಹಿಡಿದಳು, ನಾಲ್ಕೂ ಅಂಚು ಸಮ, ಚೀಟಿಯಲ್ಲಿದ್ದಷ್ಟೇ ಆಳ. ಇಷ್ಟು ವರ್ಷದಲ್ಲಿ ಅಷ್ಟು ಚೊಕ್ಕ ಸಾಣೆ ಅವಳ ಕೈಯಿಂದಲೂ ಬಂದಿರಲಿಲ್ಲ. "ನೀನೇ ಉಗುರು ಎಳೆದು ನೋಡು" ಎಂದಳು. ಅವನ ಉಗುರಿನಿಂದ ಬಿಳಿ ಪುಡಿ ಎದ್ದಿತು. ಸ್ಕೇಟು ಎತ್ತಿಕೊಂಡು ಹೊರಟುಹೋದ. ಹೆಲ್ವಿ ಆ ಚೀಟಿಯನ್ನು ಎದೆಯ ಜೇಬಿನಲ್ಲಿಟ್ಟು ಜಿಪ್ಪು ಎಳೆದಳು.

ಮೂರು ಅವಧಿ ಮುಗಿದಾಗ ಎರಡು ಎರಡು. ಮತ್ತೆ ಹೆಚ್ಚುವರಿ ಆಟ. ಬಿಡುವಿನಲ್ಲಿ ಸ್ತೂರೆ ಕಾಫಿಯ ಫ್ಲಾಸ್ಕು ಹಿಡಿದು ಅವಳ ಕಿಟಕಿಗೆ ಬಂದ. ಕಾಸ್ಪೆರನ ಸ್ಕೇಟುಗಳು ಮತ್ತೊಮ್ಮೆ ಅವಳ ಮೇಜಿನ ಮೇಲಿದ್ದವು, ಒಂದು ಕೈ ಎಳೆಯಲು ಕಳಿಸಿದ್ದು. ಸ್ತೂರೆಯ ಕಣ್ಣು ಅವುಗಳ ಮೇಲೆ ಬಿತ್ತು.

"ಅವನವೇನೆ?"

"ಅವನವೇ."

"ಎಡದ್ದು ಎತ್ತರ ಬಿಡು ಹೆಲ್ವಿ." ಸ್ತೂರೆ ಕಿಟಕಿಯೊಳಕ್ಕೆ ಬಾಗಿದ. "ಕೂದಲೆಳೆಯಷ್ಟು. ಯಾರಿಗೂ ಗೊತ್ತಾಗಲ್ಲ. ಊರೇ ಬೀಳುತ್ತೆ ಕಣೆ."

"ನಾನು ಬಿದ್ದಾಗ ಊರಿಗೇನಾಯ್ತು? ಬೆಣ್ಣೆ ಹಚ್ಕೊಂಡು ತಿಂತು."

"ಊರು ಅಂದ್ರೆ ಬರೀ ಅವರೇನಾ? ನಾನಿಲ್ವಾ?"

ಹೆಲ್ವಿ ಗಂಡನ ಮುಖ ನೋಡಲಿಲ್ಲ. ನೋಡಿದರೆ ಕೈ ಸೋಲುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಂತ್ರದ ಗುಂಡಿ ಒತ್ತಿದಳು, ಸದ್ದಿನಲ್ಲಿ ಅವನ ಮುಂದಿನ ಮಾತು ಮುಳುಗಿಹೋಯಿತು. ಎಡಕ್ಕೆ ಒಂದು ಎಳೆ, ಬಲಕ್ಕೆ ಒಂದು ಎಳೆ. ಸಮ. ತಲೆ ಎತ್ತಿದಾಗ ಕಿಟಕಿಯಲ್ಲಿ ಫ್ಲಾಸ್ಕು ಮಾತ್ರ ಇತ್ತು.

ಆರನೆಯ ನಿಮಿಷದಲ್ಲಿ ಪಕ್ ಕಾಸ್ಪೆರನಿಗೆ ಸಿಕ್ಕಿತು. ಬಲಗಡೆ ಇಬ್ಬರು ಕೆಂಪಂಗಿಯವರು ದಾರಿ ಕಟ್ಟಿದ್ದರು, ಎಡ ಖಾಲಿ. ತಿರುಗಲೇಬೇಕು, ತಿರುಗಿದ. ಪಾದ ಒಳಕ್ಕೆ ವಾಲಿತು, ಹಿಡಿಯಬೇಕಾದ ಅಂಚು ಹಿಡಿಯಲಿಲ್ಲ, ಮನುಷ್ಯ ಅಂಗಾತ. ಹೋದ ವರ್ಷದಂತೆಯೇ, ತದ್ರೂಪು. ಹೆಡ್‌ವಿಕ್‌ನ ಹುಡುಗ ಪಕ್ ಎತ್ತಿಕೊಂಡು ಹೋಗಿ ಬಲೆಗೆ ಹಾಕಿದ. ಕಟ್ಟಡ ಕಿತ್ತುಹೋಗುವ ಹಾಗೆ ಜನ ಅರಚಿದರು. ಹೆಲ್ವಿ ಎರಡೂ ಮುಷ್ಟಿ ಬಿಗಿಹಿಡಿದು ಒಂದೇ ಮಾತು ಹೇಳಿಕೊಂಡಳು: "ಬಿದ್ದೆಯಾ? ಬೀಳು."

ಟಿವಿಯವರು ಕಾಸ್ಪೆರನಿಗೆ ಮೈಕು ಚಾಚಿದರು. "ಮತ್ತೆ ಸ್ಕೇಟಿನದ್ದೇ ತೊಂದ್ರೆನಾ?" ಅವನು ಬಾಯಿ ತೆರೆದ. ಅಷ್ಟರಲ್ಲಿ ಓಣಿಯ ಕೊನೆಯಲ್ಲಿ ಹೆಲ್ವಿ ಕಂಡಳು, ಕೈಯಲ್ಲಿ ಅವನದೇ ಸಹಿಯ ಚೀಟಿ. ಅವನ ಭುಜ ಕುಸಿಯಿತು.

"ಇಲ್ಲ. ಸಾಣೆ ಸರಿಯಾಗಿತ್ತು." ಚೀಟಿಯ ಕಡೆ ಮತ್ತೊಮ್ಮೆ ನೋಡಿದ. "ಹೋದ ವರ್ಷಾನೂ ಸರಿಯಾಗೇ ಇತ್ತು. ಅವತ್ತು ನಾನೇ ಸಿಮೆಂಟಿನ ಮೇಲೆ ನಡೆದು ಹಾಳುಮಾಡ್ಕೊಂಡಿದ್ದೆ. ಹೆಲ್ವಿ ಕೂಗಿದ್ಲು, ನಾನು ಕೇಳ್ಲಿಲ್ಲ."

ದೇಶಕ್ಕೆ ದೇಶವೇ ಕೇಳಿತು. ಹೆಲ್ವಿಯ ಎದೆಯೊಳಗೆ ವರ್ಷದಿಂದ ಉರಿಯುತ್ತಿದ್ದದ್ದು ತಣ್ಣಗಾಯಿತು. ಆ ಐದು ನಿಮಿಷ ಅವಳಷ್ಟು ಸುಖಿ ಆ ಉತ್ತರದ ಸೀಮೆಯಲ್ಲಿ ಯಾರೂ ಇರಲಿಲ್ಲ.

ಸ್ತೂರೆ ಕಾರಿನ ಬಳಿ ಇರಲಿಲ್ಲ. ಗ್ರಾನ್‌ಸೆಲೆ ಅಭಿಮಾನಿಗಳ ಬಸ್ಸಿನಲ್ಲಿ ಹೋಗಿದ್ದ. ಹೆಲ್ವಿ ಒಬ್ಬಳೇ ಮನೆಗೆ ಬಂದಾಗ ಆರು ಗಂಟೆ, ಇನ್ನೂ ಬಿಸಿಲಿತ್ತು. ಅವನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಹಸಿರು ಶಾಲು ಹೊದ್ದೇ ಏನೋ ಕೆತ್ತುತ್ತಿದ್ದ. ಕಾಲ ಬಳಿ ಸಿಪ್ಪೆ ಬಿದ್ದಿತ್ತು.

"ಟಿವಿ ನೋಡಿದ್ಯಾ?"

"ಬಸ್ಸಲ್ಲಿ ಯಾರದೋ ಫೋನಲ್ಲಿ ನೋಡಿದೆ. ನಿನ್ನ ಹೆಸರು ವಾಪಸ್ ಬಂತಲ್ಲ."

"ಬಂತು."

"ಒಳ್ಳೇದಾಯ್ತು. ನಿಜವಾಗ್ಲೂ ಒಳ್ಳೇದಾಯ್ತು." ಅವನ ಕಣ್ಣು ಕೆಂಪಗಿತ್ತು. "ಎಡದ್ದು ಎತ್ತರ ಬಿಟ್ಯಾ?"

"ಚೀಟೀಲಿದ್ದ ಹಾಗೇ."

ಅವನು ತಲೆಯಾಡಿಸಿದ. ಕೆತ್ತಿದ್ದನ್ನು ಊದಿ, ತೊಡೆಗೆ ಒರೆಸಿ, ಎದ್ದು ಅಡುಗೆಮನೆಗೆ ಹೋದ. ಭರಣಿಯಲ್ಲಿ ಟಕ್ಕೆಂದು ಒಂದು ಸದ್ದಾಯಿತು. ಆಮೇಲೆ ಕೋಣೆ ಸೇರಿ ಕದ ಮುಚ್ಚಿಕೊಂಡ.

ಹೆಲ್ವಿ ಒಳಗೆ ಬಂದು ಎಣಿಸಿದಳು. ಹದಿನೈದು. ಆ ಹದಿನಾಲ್ಕನ್ನು ಯಾರು ಹಾಕಿದ್ದೆಂದು ಇವತ್ತಿಗೂ ಗೊತ್ತಿರಲಿಲ್ಲ. ಹದಿನೈದನೆಯದನ್ನು ಹಾಕಿದವನು ಗೊತ್ತಿದ್ದ. ಅದು ಇನ್ನೂ ಘಮಘಮಿಸುವ ಹಸಿ ಮರದ್ದು, ಹಿಡಿಯಲ್ಲಿ ಅವನು ಅವಳಿಗೆಂದು ಯಾವಾಗಲೂ ಕೆತ್ತುವ ಪುಟ್ಟ ಎಲೆ ಇತ್ತು. ಬರೀ ಬೈಗುಳವಾಗಿದ್ದರೆ ಎಲೆ ಯಾಕೆ ಕೆತ್ತುತ್ತಿದ್ದ? ಅವಳಿಗೆ ಅಳು ಒತ್ತರಿಸಿ ಬಂತು. ಆದರೂ ಆ ಎಡ ಸ್ಕೇಟು ಈಗ ಮತ್ತೆ ಕೈಗೆ ಬಂದರೆ ಕೂದಲೆಳೆಯಷ್ಟೂ ಎತ್ತರ ಬಿಡುತ್ತಿರಲಿಲ್ಲ, ಅದೂ ಅವಳಿಗೆ ಗೊತ್ತಿತ್ತು.

ಭರಣಿಯಿಂದ ಆ ಹೊಸ ಚಾಕನ್ನು ತೆಗೆದು, ರೊಟ್ಟಿಗೆ ದಪ್ಪಗೆ ಬೆಣ್ಣೆ ಸವರಿ, ಮುಚ್ಚಿದ ಕದದ ಕಡೆ ಮುಖ ಮಾಡಿ ಕೂತು ಪೂರ್ತಿ ತಿಂದಳು.