ಹುಲ್ಲಪ್ಪ ಮಾಸ್ತರರ ಆರನೆಯ ಬಾಕು

ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳ ಕಚೇರಿ, ದವಾಖಾನೆ, ಟಪಾಲು ಮನೆಗಳಲ್ಲಿ ಇಂದು ಲೇಖಣಿ ಹಿಡಿದು ಕುಳಿತಿರುವ ಮಹನೀಯರಲ್ಲಿ ಅರ್ಧದಷ್ಟು ಜನರ ಕಿವಿ ಒಂದಲ್ಲ ಒಂದು ದಿನ ಶ್ರೀ ಹುಲ್ಲಪ್ಪ ಮಾಸ್ತರರ ಬೆರಳುಗಳ ನಡುವೆ ಸಿಕ್ಕಿತ್ತೆಂದರೆ ಅದು ಹೊಗಳಿಕೆಯಲ್ಲ, ನಡೆದ ಸಂಗತಿ. ಮೂವತ್ತೆರಡು ವರ್ಷ ಗಣಿತ ಕಲಿಸಿ ಈ ೧೯೨೦ನೆಯ ಇಸವಿಯಲ್ಲಿ ಪೂಜ್ಯರು ನಿವೃತ್ತರಾಗುತ್ತಿದ್ದಾರೆ. ಅವರ ಅಭಿನಂದನ ಸಂಪುಟಕ್ಕೆ ಲೇಖನ ಬರೆಯುವ ಭಾಗ್ಯವು ಪಕ್ಕದ ಕೋಣೆಯಲ್ಲಿ ಕನ್ನಡ ಕಲಿಸುವ ರಾಚಪ್ಪನಿಗೆ, ಎಂದರೆ ಈ ಲೇಖಕನಿಗೆ, ಒದಗಿದೆ. ಹದಿನೆಂಟು ವರ್ಷ ಅವರೊಡನೆ ತಪ್ಪದೆ ವಾದ ಮಾಡಿದವನ ಕೈಗೇ ಈ ಕೆಲಸ ಒಪ್ಪಿಸಿದ ಸಮಿತಿಯ ಧೈರ್ಯವನ್ನು ಮೊದಲು ಮೆಚ್ಚಬೇಕು.

ವಾದದ ವಿಷಯ ಒಂದೇ. ಬಾಗಲಕೋಟೆಯ ನಮ್ಮ ಶಾಲೆಯ ಇಂಗ್ಲಿಷ್ ವರ್ಗದ ಕೋಣೆಯಲ್ಲಿ ಆಗ ಹಿಡಿಯುತ್ತಿದ್ದದ್ದು ಐದು ಬಾಕು, ಎಂದರೆ ಮಕ್ಕಳು ಕೂಡುವ ಉದ್ದನೆಯ ಬೆಂಚು. ಬಾಕಿಗೆ ನಾಲ್ವರಂತೆ ಇಪ್ಪತ್ತು ಮಕ್ಕಳು. ಕನ್ನಡ ನಾಲ್ಕನೆಯ ಇಯತ್ತೆ ಮುಗಿಸಿ ಬಾಗಿಲಿಗೆ ಬರುತ್ತಿದ್ದವರು ಎಂಬತ್ತು, ತೊಂಬತ್ತು. ಆರಿಸುವ ಪರೀಕ್ಷೆಯೊಂದೇ ನ್ಯಾಯದ ದಾರಿಯೆಂದು ಮಾಸ್ತರರ ಪಕ್ಷ. ಹನ್ನೊಂದು ವರ್ಷದ ಕೂಸಿನ ಹಣೆಬರಹವನ್ನು ಒಂದು ಮುಂಜಾನೆಯಲ್ಲಿ ಬರೆದು ಮುಗಿಸುವ ಅಧಿಕಾರ ಯಾರಿಗೂ ಬೇಡವೆಂದು ಈ ಲೇಖಕನ ಪಕ್ಷ. ಚಹದ ಹೊತ್ತಿಗೆ ಆರಂಭವಾದ ಈ ಮಾತು ಎಷ್ಟೋ ಸಲ ಗಂಟೆ ಬಾರಿಸಿದ ಮೇಲೂ ನಡೆದು, ಶಾಲೆಯ ಸಿಪಾಯಿ ಮುರ್ತುಜಸಾಬನು ಬಂದು ಕೆಮ್ಮಿದಾಗಲೇ ನಿಂತದ್ದುಂಟು.

ಮಾಸ್ತರರ ಪಕ್ಷಕ್ಕೆ ಬೇರು ಆಳವಾಗಿತ್ತು. ಶಿರೂರಿನಲ್ಲಿ ಕಂಡವರ ಹೊಲದಲ್ಲಿ ದುಡಿಯುತ್ತಿದ್ದವರ ಮಗ ಅವರು. ಅಂಥದೇ ಒಂದು ಪರೀಕ್ಷೆಯಲ್ಲಿ ಆರಿಸಿ ಬಂದು, ವಿದ್ಯಾರ್ಥಿವೇತನದಲ್ಲಿ ಓದಿ, ತಲೆಗೆ ರುಮಾಲು ಸುತ್ತಿ ಮಾಸ್ತರರಾದವರು. ಅದೇ ಪರೀಕ್ಷೆಗೆ ಅವರ ಮಗ್ಗುಲಲ್ಲಿ ಕುಳಿತಿದ್ದ ಗೆಳೆಯ ಅಮಸಿದ್ದಪ್ಪನಿಗೆ ಎರಡು ಅಂಕ ಕಡಿಮೆ ಬಿದ್ದು, ಆತ ಶಿರೂರಿನಲ್ಲೇ ನೇಗಿಲ ಹಿಂದೆ ಉಳಿದ. ಒಮ್ಮೆ ಈ ಲೇಖಕನು ವಾದದ ಭರದಲ್ಲಿ ಪರೀಕ್ಷೆಯೆಲ್ಲ ಸುಳ್ಳೆಂದಾಗ ಮಾಸ್ತರರು, "ಪರೀಕ್ಷಾ ಸುಳ್ಳು ಅಂದ್ರ ನಾ ಯಾರ್ರಿ, ರಾಚಪ್ಪನವರ? ಅಮಸಿದ್ದನ ಜಾಗಾದಾಗ ಕುಂತಾಂವ ಅಂದಂಗಾತಲ್ಲ?" ಎಂದಿದ್ದರು.

೧೯೦೬ನೆಯ ಇಸವಿಯ ಪರೀಕ್ಷೆಯಲ್ಲಿ ಮಾಸ್ತರರು ಒಂದು ಲೆಕ್ಕ ಕೊಟ್ಟರು. ಇಳಕಲ್ಲ ಸೀರೆ ಹದಿನಾರು ಮೊಳದ್ದು. ಎಂಬತ್ತು ಮೊಳದ ಒಂದೇ ಬಟ್ಟೆಯಲ್ಲಿ ಅಂಥ ಸೀರೆಗಳನ್ನು ಎಷ್ಟು ಕತ್ತರಿಸಬಹುದು? ಎಂಬತ್ತೆರಡು ಮಕ್ಕಳಲ್ಲಿ ಬಹುತೇಕರು ಐದೆಂದು ಬರೆದರು. ಇಳಕಲ್ಲಿನ ನೇಕಾರ ಸುಭಾನಸಾಬನ ಮಗ ಚಾಂದಸಾಬ ಮಾತ್ರ ದುಂಡು ಅಕ್ಷರದಲ್ಲಿ "ಒಂದೂ ಇಲ್ಲ" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದ. ಮಾಸ್ತರರು ಅದನ್ನು ನಮಗೆಲ್ಲ ಓದಿ ತೋರಿಸಿ, ಹೊಟ್ಟೆ ಹಿಡಿದು ನಕ್ಕು, ಸೊನ್ನೆ ಹಾಕಿದರು. ಆ ಸೊನ್ನೆಯಿಂದ ಚಾಂದಸಾಬ ಇಪ್ಪತ್ತೊಂದನೆಯವನಾದ. ಪಟ್ಟಿ ಬಾಗಿಲಿಗೆ ಬಿತ್ತು.

ಇಲ್ಲಿ ಮಾಸ್ತರರ ಒಂದು ಪದ್ಧತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕೂದಲೆಳೆಯಲ್ಲಿ ತಪ್ಪಿದ ಮಕ್ಕಳ ಮನೆಗೆ ಅವರು ತಾವೇ ಹೋಗಿ, ತಾಯಿತಂದೆಗೆ ಸಮಾಧಾನ ಹೇಳಿ, ಮುಂದಿನ ದಾರಿ ತಿಳಿಸಿ ಬರುತ್ತಿದ್ದರು. ಇಲಾಖೆ ಇದನ್ನು ಕೇಳಿರಲಿಲ್ಲ; ಬಂಡಿಯ ಕುಲುಕಾಟಕ್ಕೆ ಯಾರೂ ಭತ್ಯೆ ಕೊಡುತ್ತಿರಲಿಲ್ಲ. ಅಂತೆಯೇ ಆ ವರ್ಷವೂ ಹುನಗುಂದದಲ್ಲಿ ತಂಗಿ, ಮರುದಿನ ಇಳಕಲ್ಲಿಗೆ ಹೋಗಿ, ಸುಭಾನಸಾಬನ ಮನೆಯಲ್ಲಿ ಚಾಪೆಯ ಮೇಲೆ ಕುಳಿತು, ಹುಡುಗನ ತಾಯಿ ಮಾಬುಬಿಗೆ ಲೆಕ್ಕವನ್ನು ಬಿಡಿಸಿ ಹೇಳಿದರು. ಅಲ್ಲಿ ನಡೆದದ್ದನ್ನು ಅವರೇ ಈ ಲೇಖಕನೆದುರು ಹತ್ತು ಸಲವಾದರೂ ಅಭಿನಯಿಸಿ ತೋರಿಸಿದ್ದಾರೆ.

ಮಾಬುಬಿ ಕೈಯ ಕೆಲಸ ಬಿಡದೆ ಕೇಳಿದಳಂತೆ. "ಮಾಸ್ತರ, ನಿಮ್ಮ ಎಂಬತ್ತ ಮೊಳದ ಅರಿವ್ಯಾಗ ಸೆರಗ ಎಲ್ಲೈತ್ರಿ?"

"ಸೆರಗ? ಲೆಕ್ಕದಾಗ ಸೆರಗ್ಯಾಕವ್ವಾ?"

"ಸೆರಗಿಲ್ದ ಸೀರಿ ಹೆಂಗಾಗ್ತೈತ್ರಿ? ಬರ್ರಿ ಇಲ್ಲಿ, ನೋಡ್ರಿ."

ಆಕೆಯ ಕೈಯಲ್ಲಿ ನಡೆದಿದ್ದದ್ದು ಕೊಂಡಿ ಹಾಕುವ ಕೆಲಸ. ಇಳಕಲ್ಲಿನಲ್ಲಿ ಸೀರೆಯ ಮೈಗೆ ಒಂದು ಹಾಸು, ಎಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ನೂಲು; ಸೆರಗಿಗೆ ಬೇರೆಯೇ ಕೆಂಪು ರೇಷ್ಮೆಯ ಹಾಸು. ನೇಯುವ ಮೊದಲು ಒಂದರ ಎಳೆಯನ್ನು ಇನ್ನೊಂದರ ಎಳೆಯಲ್ಲಿ ಕೊಂಡಿಯಾಗಿ ಸಿಕ್ಕಿಸಬೇಕು. ಹಾಗೆ ಸಾವಿರಾರು ಎಳೆ, ಪ್ರತಿ ಸೀರೆಗೂ ಹೊಸದಾಗಿ. ಉದ್ದನೆಯ ಬಟ್ಟೆಯಿಂದ ಕತ್ತರಿಸಿದರೆ ಬರುವುದು ಐದು ತುಂಡು, ಸೀರೆಯಲ್ಲ. ದಿನವೂ ತಾಯಿಯೆದುರು ಕುಳಿತು ಎಳೆ ಹಿಡಿಯುತ್ತಿದ್ದ ಚಾಂದಸಾಬ ಕಂಡದ್ದನ್ನು ಬರೆದಿದ್ದ. ಐದೆಂದು ಬರೆದವರ್ಯಾರೂ ಸೀರೆ ನೇಯುವುದನ್ನು ಕಂಡಿರಲಿಲ್ಲ. ಲೆಕ್ಕ ಕೊಟ್ಟವರಂತೂ ಕಂಡಿರಲೇ ಇಲ್ಲ.

"ನಿನ್ನ ಮಗನ ಉತ್ತರ ಖರೆ ಐತವ್ವಾ. ನನ್ನ ಪ್ರಶ್ನಿನ ತಪ್ಪು," ಎಂದು ಮಾಸ್ತರರು ಒಪ್ಪಿಕೊಂಡರು.

"ಹಂಗಾದ್ರ ಅಂವನ್ನ ಒಳಗ ಕರಕೊಳ್ರಿ," ಎಂದಳು ಮಾಬುಬಿ. ಆಕೆಗೆ ಅದು ಅಷ್ಟು ಸರಳವಾಗಿ ಕಂಡಿತು, ಮತ್ತು ಅದು ಅಷ್ಟು ಸರಳವಾಗಿಯೇ ಇತ್ತು.

ಬಾಗಲಕೋಟೆಗೆ ಮರಳಿದ ಮಾಸ್ತರರು ಎರಡು ದಿನ ಅಂಕಗಳ ಪಟ್ಟಿಯನ್ನು ತಿರುಗಿ ತಿರುಗಿ ನೋಡಿದರು. ಚಾಂದಸಾಬನಿಗೆ ಅಂಕ ಕೊಟ್ಟರೆ ಪಟ್ಟಿಯಲ್ಲಿದ್ದ ಇಪ್ಪತ್ತನೆಯವನು, ಕೆರೂರಿನ ಅಂಗಡಿಕಾರರ ಮಗ, ಹೊರಗೆ ಬೀಳುತ್ತಾನೆ. ಆ ಕೂಸು ಮಾಡಿದ ತಪ್ಪೇನು? ಕೊಡದಿದ್ದರೆ ತಮ್ಮ ತಪ್ಪಿಗೆ ನೇಕಾರರ ಮಗ ದಂಡ ತೆರುತ್ತಾನೆ. ಇಲಾಖೆಯ ಸಾಹೇಬರ ನಿಯಮ ಸ್ಪಷ್ಟವಿತ್ತು: ಕೋಣೆಯಲ್ಲಿ ಎಷ್ಟು ಬಾಕು ಹಿಡಿಯುತ್ತವೆಯೋ ಅಷ್ಟೇ ಮಕ್ಕಳು. ಮೂರನೆಯ ದಿನ ಮುಂಜಾನೆ ಮಾಸ್ತರರು ಶಾಲೆಗೆ ಎಲ್ಲರಿಗಿಂತ ಮೊದಲು ಬಂದು, ಮುರ್ತುಜಸಾಬನನ್ನು ಕರೆದು, ತಮ್ಮ ಮೇಜನ್ನೂ ಕುರ್ಚಿಯನ್ನೂ ಪಡಸಾಲೆಗೆ ಹೊರಿಸಿ ಹಾಕಿದರು. ಖಾಲಿಯಾದ ಜಾಗದಲ್ಲಿ ಆರನೆಯ ಬಾಕು ಸರಿಯಾಗಿ ಕುಳಿತಿತು. ಇಪ್ಪತ್ತೊಂದನೆಯವನು ಒಳಗೆ ಬಂದ. ಅವನ ಬೆನ್ನಿಗೆ ಇನ್ನೂ ಮೂವರು ಬಂದರು.

"ನೀವು ಎಲ್ಲಿ ಕೂಡೂದ್ರಿ ಮಾಸ್ತರ?" ಎಂದು ಮುರ್ತುಜಸಾಬ ಕೇಳಿದ.

"ನಿಂದರ್ತೇನಿ," ಎಂದರು ಮಾಸ್ತರರು.

ಏಳು ವರ್ಷ ನಿಂತೇ ಕಲಿಸಿದರು. ಪಡಸಾಲೆಯ ಕುರ್ಚಿಯಲ್ಲಿ ಮುರ್ತುಜಸಾಬನು ಮಧ್ಯಾಹ್ನದ ನಿದ್ದೆಯನ್ನು ಸಾಂಗವಾಗಿ ನೆರವೇರಿಸಿದನು. ಕೆರೂರಿನ ಹುಡುಗ ಎರಡೇ ವರ್ಷಕ್ಕೆ ಓದು ಬಿಟ್ಟು ಅಂಗಡಿಗೆ ಕುಳಿತ, ಅಲ್ಲಿ ಸುಖವಾಗಿದ್ದಾನೆ. ಚಾಂದಸಾಬ ಇಂದು ಬಾದಾಮಿಯಲ್ಲಿ ಗಣಿತದ ಮಾಸ್ತರನಾಗಿದ್ದು, ಸೀರೆಯ ಲೆಕ್ಕವನ್ನು ಎಂದೂ ಕೊಡುವುದಿಲ್ಲವಂತೆ. ಈ ಲೇಖಕನು ಗೆದ್ದೆನೆಂದು ಹಿಗ್ಗಿದಾಗಲೆಲ್ಲ ಪೂಜ್ಯರು, "ಒಂದ ಪ್ರಶ್ನಿ ತಪ್ಪಿತ್ತು, ಪರೀಕ್ಷಾ ಅಲ್ಲ," ಎಂದು ಕಡ್ಡಿ ಮುರಿದಂತೆ ಹೇಳುತ್ತಿದ್ದರು. ಹೇಳುತ್ತಲೇ, ಇನ್ನೊಂದು ಕೋಣೆ ಕೊಡಿರೆಂದು ವರ್ಷಕ್ಕೆರಡು ಅರ್ಜಿ ಗುಜರಾಯಿಸುತ್ತಲೂ ಇದ್ದರು. ಹದಿನಾಲ್ಕು ಅರ್ಜಿಗಳಲ್ಲಿ ಹನ್ನೆರಡನ್ನು ತಿದ್ದಿದವನು ಈ ಲೇಖಕ, ಆದ್ದರಿಂದ ಅವರ ಮನಸ್ಸು ಎತ್ತ ತಿರುಗುತ್ತಿತ್ತೆಂಬುದಕ್ಕೆ ಲಿಖಿತ ಸಾಕ್ಷಿಯಿದೆ.

೧೯೧೩ರಲ್ಲಿ ದೊಡ್ಡ ಕೋಣೆ ಎದ್ದಿತು. ಬಂದ ಮಕ್ಕಳಿಗೆಲ್ಲ ಸ್ಥಳವಾಯಿತು. ಆರಿಸುವ ಪರೀಕ್ಷೆ ತಾನಾಗಿಯೇ ನಿಂತಿತು. ಮೊದಲ ದಿನ ಮಕ್ಕಳನ್ನು ಬಿಡಲು ಬಂದವರ ಗುಂಪಿನಲ್ಲಿ ಮೊಮ್ಮಗನ ಕೈ ಹಿಡಿದು, ಕಂಬಳಿ ಹೊದ್ದು, ಹೊಸ್ತಿಲಾಚೆಯೇ ನಿಂತಿದ್ದ ಒಬ್ಬ ಮುದುಕ ಮಾಸ್ತರರ ಕಣ್ಣಿಗೆ ಬಿದ್ದ. ಶಿರೂರಿನ ಅಮಸಿದ್ದಪ್ಪ. ಮಾಸ್ತರರು ಮುರ್ತುಜಸಾಬನನ್ನು ಎಬ್ಬಿಸಿ, ಆ ಕುರ್ಚಿಯನ್ನು ತರಿಸಿ, ಧೋತರದ ಚುಂಗಿನಿಂದ ತಾವೇ ಧೂಳು ಒರೆಸಿ, ವರ್ಗದ ನಡುವೆ ಇಟ್ಟರು.

"ಬಾರಲೇ ಅಮಸಿದ್ದ, ಕುಂದರು."

"ನಾ ಯಾಕೋ? ನಾ ಕಲ್ತಾಂವಲ್ಲ."

"ಎರಡ ಅಂಕದ ಸಂಬಂಧ ನಲವತ್ತ ವರ್ಷ ಹೊರಗ ನಿಂತಿ," ಎಂದರು ಮಾಸ್ತರರು. "ಇದು ನಿನ್ನ ಜಾಗಾನೂ ಹೌದು. ಕುಂದರು."

ಅಮಸಿದ್ದಪ್ಪ ಕುಳಿತ. ಎಂಬತ್ತೇಳು ಮಕ್ಕಳೆದುರು ಮಾಸ್ತರರು ಎಂದಿನಂತೆ ನಿಂತು ಆ ದಿನದ ಪಾಠ ಆರಂಭಿಸಿದರು. ಬಾಗಿಲಲ್ಲಿದ್ದ ಈ ಲೇಖಕನಿಗೆ ಅಂದು ವಾದ ಗೆದ್ದ ನೆನಪೇ ಆಗಲಿಲ್ಲ.

ನಿವೃತ್ತಿಯ ಕಾಣಿಕೆಯಾಗಿ ಹೊಸ ಕುರ್ಚಿಯೊಂದನ್ನು ಕೊಡಬೇಕೆಂದು ಸಮಿತಿ ನಿಶ್ಚಯಿಸಿದೆಯೆಂದು ತಿಳಿದು ಸಂತೋಷವಾಯಿತು. ಊರ ಹೊಳೆಯ ನೀರು ಕುಡಿದು, ಜೋಳದ ರೊಟ್ಟಿ ಜಗಿಯುವ ಹಲ್ಲು ಗಟ್ಟಿಯಿದ್ದು ಪೂಜ್ಯರು ನೂರು ಕಾಲ ಬಾಳಲಿ. ಓಣಿಯ ಮಕ್ಕಳಿಗೆ ಲೆಕ್ಕ ಹೇಳುತ್ತಲೇ ಇರಲಿ, ಈ ಲೇಖಕನೊಡನೆ ವಾದಿಸುತ್ತಲೂ ಇರಲಿ. ಕುರ್ಚಿಯಲ್ಲಿ ಅವರು ಕುಳಿತುಕೊಳ್ಳುತ್ತಾರೆಂಬ ಭರವಸೆ ಮಾತ್ರ ಸಮಿತಿಗೆ ಬೇಡ. ಬಾಗಿಲ ಹೊರಗೆ ಯಾರಾದರೂ ನಿಂತಿದ್ದಾರೆಯೇ ಎಂದು ಅವರು ಮೊದಲು ಎದ್ದು ನೋಡುತ್ತಾರೆ.