ಚಿಗವ್ವ ತಂದ ಎರಡು ಉಡಿ

ಅಪ್ಪನ ಅಜ್ಜಿ ಮಿಷನ್ನಿನವರ ಔಷಧಿಯಿಂದ ಬದುಕಿದವಳು. ಅವರಿಂದಲೇ ಅಕ್ಷರ ಕಲಿತಳು, ಅವರ ದೇವರನ್ನೂ ನಂಬಿದಳು. ಇವತ್ತು ನಾನು ಬಸವಕಲ್ಯಾಣದಲ್ಲಿ ಇಂಗ್ಲಿಷ್ ಟೀಚರಾಗಿದ್ದರೆ ಅದರ ಹಿಂದೆ ಆ ಋಣವಿದೆ, ಅಲ್ಲಗಳೆಯುವುದಿಲ್ಲ. ಆದರೆ ಕೊಟ್ಟವರು ಕೆಲವನ್ನು ಬಿಡಿಸಿಯೂ ಹೋದರು. ಬಸುರಿಗೆ ಏಳನೇ ತಿಂಗಳಲ್ಲಿ ಉಡಿ ತುಂಬುವುದು ಅದರಲ್ಲೊಂದು.

ಹುಮನಾಬಾದಿನ ನಮ್ಮ ಚರ್ಚಿನಲ್ಲಿ ಅಪ್ಪ ಸಭಾಹಿರಿಯ. ಅವ್ವ ರಾಜೇಶ್ವರದ ರೈತರ ಮಗಳು. ಮದುವೆಯಾದ ಮೇಲೆ ಅಪ್ಪನ ದೇವರಿಗೆ ಕೈಮುಗಿದಳು. ಅವಳ ತಂಗಿ, ನಮ್ಮ ಚಿಗವ್ವ, ಹಳೆಯ ದೇವರಲ್ಲೇ ಉಳಿದಳು. ಹನ್ನೆರಡು ವರ್ಷದ ಹಿಂದೆ ನನ್ನ ಅಕ್ಕ ಚೊಚ್ಚಲ ಬಸುರಿಯಾಗಿದ್ದಾಗ ಚಿಗವ್ವ ಹಸಿರು ಸೀರೆ, ಬಳೆ, ಅಕ್ಕಿ, ಕೊಬ್ಬರಿ ಹೊತ್ತು ಬಂದಳು. ಅಪ್ಪ ಬಾಗಿಲಲ್ಲೇ ನಿಂತು, "ಇವೆಲ್ಲ ನಮ್ಮನ್ಯಾಗ ನಡ್ಯಂಗಿಲ್ಲ ನೋಡವಾ" ಎಂದ. ಅವಳು ಹೊಸ್ತಿಲಿನಿಂದಲೇ ತಿರುಗಿದಳು. ಆಮೇಲೆ ನಮ್ಮ ಮನೆಯ ನೀರು ಮುಟ್ಟಲಿಲ್ಲ.

ಈಗ ನನ್ನ ಸರದಿ. ಏಳು ತುಂಬುವಾಗ ತವರಿಗೆ ಬಂದೆ; ಅಕ್ಕನೂ ಮಗಳನ್ನು ಕರೆದುಕೊಂಡು ಬಂದಿದ್ದಳು. ನನಗೆ ಚಿಗವ್ವನ ಕೈಯಿಂದಲೇ ಉಡಿ ಬೇಕಿತ್ತು, ಆಸೆ ಅಂದರೆ ಆಸೆ. ಆದರೆ ಕ್ಲಾಸಿನಲ್ಲಿ ಒದರುವವಳು ಅಪ್ಪನೆದುರು ಬರೀ ಚಹಾದ ಲೋಟ ಇಟ್ಟು ಬರುತ್ತಿದ್ದೆ.

ಆ ಭಾನುವಾರ ಆಫ್ರಿಕಾದ ಘಾನಾದಿಂದ ಒಬ್ಬ ಪಾಸ್ಟರಮ್ಮ ಚರ್ಚಿಗೆ ಬಂದಿದ್ದರು. ಊಟ ನಮ್ಮಲ್ಲಿ. ರೊಟ್ಟಿ ಮುರಿಯುತ್ತ, ನನ್ನ ಹೊಟ್ಟೆ ನೋಡಿ ಮಾತು ತೆಗೆದರು. ನಾನು ಕನ್ನಡಕ್ಕೆ ತಿರುಗಿಸುತ್ತ ಹೋದೆ. ಅವರೂರಲ್ಲಿ ಕೂಸು ಹುಟ್ಟಿದರೆ ಹೆಂಗಸರು ಸೇರಿ ಅದರ ನಡುವಿಗೆ ಮಣಿಸರ ಕಟ್ಟುತ್ತಿದ್ದರಂತೆ. ಮಿಷನ್ನಿನವರು ಬೇಡವೆಂದರಂತೆ.

"ಮಣಿ ಬಿಟ್ರಂತ. ಕಟ್ಟಾಕ ಬರೋರೂ ಬರೂದು ಬಿಟ್ರಂತ. ಇವರ ಮಕ್ಕಳು ಹುಟ್ಟಿದಾಗ ಮನಿ ಖಾಲಿ ಇತ್ತಂತ. ಮೊಮ್ಮಕ್ಕಳಿಗೆ ಪ್ರಾರ್ಥನಾ ಮಾಡೇ ಕಟ್ಟಿದ್ರಂತ. ದೇವರು ಸಿಟ್ಟಾಗಲಿಲ್ಲಂತ."

"ಯಾರು ಕಟ್ಟತಿದ್ರಂತ?" ಅಪ್ಪ ಕೇಳಿದ.

"ತಾಯಿಯ ತಂಗಿ ಅಂತ. ತಾಯಿಯ ತಂಗಿ." ಅವರನ್ನು ಕೇಳಿಯೇ ಹೇಳಿದೆ. ಒಂದಕ್ಷರವೂ ನನ್ನದಲ್ಲ. ಎರಡು ಸಲ ಹೇಳಿದ್ದು ಮಾತ್ರ ನನ್ನದು.

ಮರುದಿನ ಅಪ್ಪ ಚಹಾ ಕೂಡ ಕುಡಿಯದೆ ಬೈಕು ತೆಗೆದ. ಹೊತ್ತು ನೆತ್ತಿಗೆ ಬಂದಾಗ ಚಿಗವ್ವನನ್ನು ಹಿಂದೆ ಕೂಡಿಸಿಕೊಂಡು ಬಂದ. ಅವಳ ತೊಡೆಯ ಮೇಲೆ ದೊಡ್ಡ ಗಂಟು.

"ಇಷ್ಟು ವರ್ಷ ನನ್ನ ಅಕ್ಕಿಗೆ ದೆವ್ವ ಹಿಡದಿತ್ತೇನ್ರಿ ಮಾಮಾ?" ಬಾಗಿಲಲ್ಲೇ ಕೇಳಿದಳು.

"ತಪ್ಪಾತವಾ, ಒಳಗ ಬಾ" ಎಂದ ಅಪ್ಪ. ಅವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಉಡಿ ತುಂಬುವ ಮೊದಲು ಅಪ್ಪ ಪ್ರಾರ್ಥನೆಗೆ ನಿಂತ; ಅವನ ಪ್ರಾರ್ಥನೆಯೆಂದರೆ ಹನುಮಂತನ ಬಾಲ. ಬೊಗಸೆಯಲ್ಲಿ ಅಕ್ಕಿ ಹಿಡಿದು ನಿಂತಿದ್ದ ಚಿಗವ್ವ ಒಂದು ಕಣ್ಣು ತೆರೆದು, "ಮಾಮಾ, ಆಮೆನ್ ಅನ್ರಿ, ಕೈ ನೋಯಾಕತ್ತಾವ" ಎಂದಳು. ಅಪ್ಪನೂ ನಕ್ಕುಬಿಟ್ಟ. ಅಕ್ಕಿ ನನ್ನ ಸೆರಗಿಗೆ ಬಿತ್ತು. ಅಷ್ಟು ಸುಖ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ನಾನು ಏಳುವಷ್ಟರಲ್ಲಿ ಚಿಗವ್ವ ಗಂಟಿನ ತಳದಿಂದ ಇನ್ನೊಂದು ಸೀರೆ ತೆಗೆದಳು. ಅಂದು ತಂದಿದ್ದ ಅದೇ ಹಸಿರು; ಮಡಿಕೆಗಳಲ್ಲಿ ಬಣ್ಣ ಮಾಸಿತ್ತು. ಎದೆಯುದ್ದ ಬೆಳೆದ ಮಗಳ ಪಕ್ಕ ನಿಂತಿದ್ದ ಅಕ್ಕನ ಕಡೆ ತಿರುಗಿದಳು.

"ಮೊದಲಿನ ಉಡಿ ನಿಂದು ಇತ್ತು. ಬಾ, ಕುಂದ್ರು."

ಅಕ್ಕ ಕುಳಿತಳು. ಯಾರೂ ಹೇಳದೆಯೇ ಅಪ್ಪ ಮತ್ತೆ ಕೈ ಜೋಡಿಸಿದ. ಎರಡೇ ಮಾತು ಆಡಿ, ತಾನೇ ಅಕ್ಕಿ ತೆಗೆದು ಚಿಗವ್ವನ ಬೊಗಸೆಗೆ ಸುರಿದ. ಆಮೆನ್ ಅಂದವಳು ಚಿಗವ್ವ.